ತೇವಾಂಶದ ಅನಂತಶಯನರು

ಪಸಡೀನಾದ ನಿವೃತ್ತ ಎಂಜಿನಿಯರ್ ಅನಂತಶಯನರು ಚಳಿಗಾಲದಲ್ಲಿ ಯಾರ ಮನೆಗೆ ಹೋದರೂ ಕ್ಷೇಮಸಮಾಚಾರ ಕೇಳುವುದಿಲ್ಲ, ಜೇಬಿನಿಂದ ತೇವಾಂಶದ ಮೀಟರ್ ತೆಗೆದು, "ಇಪ್ಪತ್ತೆರಡೇ ಪರ್ಸೆಂಟಾ? ಮನೆಯೊಳಗೆ ಹಪ್ಪಳ ಒಣಗಿಸ್ತಿದೀರೇನ್ರೀ?" ಎನ್ನುತ್ತಾರೆ. ಕಿಟಕಿ ತೆರೆಯದ ಹೊಸ ಮನೆಗಳನ್ನೂ, ಮರುಭೂಮಿಯ ಒಣಗಾಳಿಯನ್ನು ಹಗಲಿರುಳು ಒಳಗೆಳೆಯುವ ಯಂತ್ರವನ್ನೂ ಕಾಫಿ ಆರಿ ತಣ್ಣಗಾಗುವವರೆಗೆ ಬೈಯುತ್ತಾರೆ. ಅವರ ಸ್ವಂತ ಮನೆಯಲ್ಲೋ ಕೋಣೆಗೊಂದು ತೇವ ಉಗುಳುವ ಹ್ಯೂಮಿಡಿಫೈಯರ್, ಕುರ್ಚಿಗೊಂದು ಒದ್ದೆ ಟವೆಲ್. ಬಂದವರು ಸೋಫಾ ಮುಟ್ಟಿ ನೋಡಿಯೇ ಕೂರಬೇಕು. ಎರಡು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಆದಾಗಿನಿಂದ ಅವರ ಹೆಂಡತಿ ಅನಸೂಯಾಗೆ ಬಾಯಿ ಒಣಗಿದರೆ ಮಾತೇ ಹೊರಡದು. ಮನೆಯ ಗಾಳಿ ಹದಕ್ಕೆ ಬಂದ ದಿನ ಆಕೆ, "ರೀ, ಸಾಕು ಮಾಡ್ರೀ ನಿಮ್ಮ ಪುರಾಣ!" ಎಂದು ಗದರುತ್ತಾರೆ. ಅನಂತಶಯನರು ಮೀಟರ್ ಜೇಬಿಗಿಳಿಸಿ, ಇನ್ನೂ ನಾಲ್ಕು ಮಾತು ಬೈಯಲಿ ಎಂದು ಅಲ್ಲೇ ಕೂರುತ್ತಾರೆ.