ತೋತೋ ಅಮುಗೆಯ ಕೀಲಿಗೊಂಚಲು

ಕುಮಿ ಪೇಟೆಗೆ ಮೇಷ್ಟ್ರಾಗಿ ಬಂದ ಹೊಸತರಲ್ಲಿ ನಾನು ಅಮುಗೆಯನ್ನು ಊರಿನ ದೊಡ್ಡ ಆಸ್ತಿವಂತೆ ಎಂದುಕೊಂಡಿದ್ದೆ. ಸೊಂಟದಲ್ಲಿ ಹದಿನೈದಿಪ್ಪತ್ತು ಕೀಲಿಗಳ ಗೊಂಚಲು, ನಡೆದರೆ ಝಣಝಣ. ಇಷ್ಟು ಮನೆಗಳಲ್ಲಿ ಒಂದಾದರೂ ಖಾಲಿ ಇರದೇ ಎಂದು, ಟೈ ಸರಿಮಾಡಿಕೊಂಡು, ಬಾಡಿಗೆಗೆ ಕೋಣೆ ಕೇಳಿದೆ.

“ಇವೆಲ್ಲ ಮೋಟಾರ್ ಸೈಕಲ್ಲಿನವು ಕಣಪ್ಪ. ಯಾವುದರೊಳಗೆ ಮಲಗ್ತೀಯ?” ಎಂದಳು.

ಅವಳ ಕಸುಬು ಅಜೋನ್ ಎಂಬ ರಾಗಿ ಹೆಂಡ ಹುದುಗಿಸಿ ಮಾರುವುದು. ಮಾವಿನ ಮರದಡಿ ಮಡಕೆ, ಸುತ್ತಲೂ ನಾವು, ಬಾಯಲ್ಲಿ ಮಡಕೆಗಿಳಿದ ಮಾರುದ್ದದ ಕೊಳವೆ. ಊರಿನ ಮಾತಿನಲ್ಲಿ ತೋತೋ ಎಂದರೆ ತಾಯಿ. ಕುಡಿಸುವವಳನ್ನೂ ನಾವು ಹಾಗೇ ಕರೆಯುತ್ತಿದ್ದೆವು. ನಮ್ಮ ಮೋಟಾರ್ ಸೈಕಲ್ಲಿನ ಕೀಲಿ ಅವಳ ಕೈಗೆ ಕೊಟ್ಟರಷ್ಟೇ ಕೊಳವೆ. ಹೊರಡುವಾಗ ಎದ್ದು ನಿಂತು, ಕೊಳವೆಯನ್ನು ಅದರ ಸಪೂರ ಬಿದಿರಿನ ಒರೆಯೊಳಗೆ ಒಂದೇ ಸಲಕ್ಕೆ ತೂರಿಸಬೇಕು. ತಪ್ಪಿದರೆ ಕೀಲಿ ಮರುದಿನ.

ಒಂದು ಶನಿವಾರ ನಾಲ್ಕು ಗಂಟೆಗೆ ಎಂಗೋರದ ಶಾಲೆಯಲ್ಲಿ ಬಹುಮಾನ ಹಂಚಲು ನಾನೇ ಮುಖ್ಯ ಅತಿಥಿ. ಅಲ್ಲಿನ ಹೆಡ್‌ಮಾಸ್ತರ ಹುದ್ದೆ ಖಾಲಿಯಿತ್ತು, ಅದನ್ನು ತುಂಬುವ ಸಾಹೇಬರೂ ಬರುವವರಿದ್ದರು. ಭಾಷಣಕ್ಕೆ ಗಂಟಲು ಹದವಾಗಲೆಂದು ಮಧ್ಯಾಹ್ನ ಮಡಕೆಯ ಮುಂದೆ ಕೂತೆ. ಲೋಟವಿಲ್ಲದ ಕುಡಿತಕ್ಕೆ ಲೆಕ್ಕವೆಲ್ಲಿ? ಮಡಕೆ ಇಳಿದಂತೆ ತೋತೋ ಅದಕ್ಕೆ ಬಿಸಿನೀರು ಸುರಿದಾಗಲೆಲ್ಲ ನನ್ನ ಅಮಲೂ ತೆಳುವಾಗುತ್ತಿದೆ ಎಂದು ಬಲವಾಗಿ ನಂಬಿದ್ದೆ.

ಮೂರಕ್ಕೆ ಎದ್ದೆ. ಕೊಳವೆ ಒರೆ ಬಿಟ್ಟು ನನ್ನ ಅಂಗಿಯ ತೋಳಿನೊಳಗೆ ಹೋಯಿತು.

“ಮೇಷ್ಟ್ರೇ, ಭಾಷಣಾನ ಕಂಕುಳಿಗೆ ಮಾಡ್ತೀರೋ?” ಎಂದು ದರ್ಜಿ ಒಕಿರೋರ್ ನಕ್ಕ.

“ನೋಡು ತೋತೋ, ನೆಟ್ಟಗೆ ನಿಂತಿದ್ದೀನಿ!” ಎಂದೆ.

“ಕಾಲು ತೂರಾಡೋದು ಕೊನೇಲಿ ಕಣಪ್ಪ. ಮೊದಲು ಹೋಗೋದು ಅಂಜಿಕೆ. ಆಮೇಲೆ ಕಣ್ಣು, ಎದುರಿಗೆ ಬಂದ ಲಾರಿ ಇನ್ನೂ ದೂರದಲ್ಲೈತೆ ಅನ್ಸುತ್ತೆ. ಆಮೇಲೆ ಕೈ, ಬ್ರೇಕ್ ಹಿಡಿ ಅಂತ ತಲೆ ಹೇಳಿದ್ರೆ, ಹಿಡೀಲೋ ಬೇಡ್ವೋ ಅಂತ ಕೂರುತ್ತೆ. ನೀವು ಗಂಡಸರು ಕಾಲೊಂದನ್ನೇ ನೋಡ್ಕೊಂಡು ಹೊರಟುಬಿಡ್ತೀರಿ.”

“ನಾನು ಮುಖ್ಯ ಅತಿಥಿ!”

“ಲಾರಿಗೆ ಗೊತ್ತಾ?”

ಬೇಡಿದೆ, ಗದರಿದೆ, ಅತ್ತೆ ಕೂಡ. ಕೀಲಿ ಸೊಂಟ ಬಿಟ್ಟು ಬರಲಿಲ್ಲ. ಕೊನೆಗೆ ಬಾಡಿಗೆಗೆ ತುಳಿಯುವವನೊಬ್ಬನ ಸೈಕಲ್ಲಿನ ಹಿಂದಿನ ಸೀಟಿನಲ್ಲಿ, ಟೈ ಹಾರಿಸಿಕೊಂಡು, ಮುಖ್ಯ ಅತಿಥಿ ಎಂಗೋರ ಮುಟ್ಟಿದಾಗ ಸಮಾರಂಭ ಮುಗಿದು ಬೆಂಚುಗಳನ್ನು ಒಳಗೆ ಹೊತ್ತೊಯ್ಯುತ್ತಿದ್ದರು. ಹುದ್ದೆ ಅಲ್ಲಿನ ಲೆಕ್ಕದ ಮೇಷ್ಟ್ರಿಗೆ ಹೋಯಿತು.

ಈಗ ಆ ಮಾವಿನ ಮರವಿಲ್ಲ. ಅಲ್ಲೊಂದು ಬಾರ್ ಇದೆ, ತಂಪು ಬಾಟಲಿಗಳಿವೆ; ಹೇಗೆ ಮನೆಗೆ ಹೋಗ್ತೀಯ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಆ ಝಣಝಣ ನೆನಪಾದಾಗ ಅಮುಗೆಯ ಮನೆಗೇ ಹೋಗುತ್ತೇನೆ. ಹಳಬರಿಗಾಗಿ ಭಾನುವಾರ ಒಂದು ಮಡಕೆ ಇಡುತ್ತಾಳೆ. ಕಳೆದ ಸಲ, ಇಪ್ಪತ್ತಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ:

“ತೋತೋ, ಅವತ್ತು ನೀನು ಕೀಲಿ ಕೊಟ್ಟಿದ್ರೆ ನಾನು ಹೆಡ್‌ಮೇಷ್ಟ್ರಾಗ್ತಿದ್ದೆ, ಅಲ್ವಾ?”

“ಇಲ್ಲ, ಸತ್ತೋಗ್ತಿದ್ದೆ,” ಎಂದು ಕೈ ಚಾಚಿದಳು. “ಕೀಲಿ ಕೊಡು, ಕೊಳವೆ ತಗೋ.”