ನಾಲ್ಕು ಮರ ಉಳಿಸಿದ ಬೂದಿ

ಹೊನ್ನವಳ್ಳಿ ಕಡೆಯ ತೆಂಗಿನ ತೋಟದಲ್ಲಿ ಇನ್ನೂ ಸರಿಯಾಗಿ ಬಿಸಿಲೇರಿಲ್ಲ. ಗಂಗಲಕ್ಷ್ಮಿ ಆಗಲೇ ಮೂವತ್ತಡಿ ಮೇಲಿದ್ದಾರೆ. ಕಾಲಿಗೆ ಮರ ಹತ್ತುವ ಮೆಷಿನ್ನು, ಕೈಯಲ್ಲಿ ಮಚ್ಚು. ಒಣಗರಿಯೊಂದು ಸರಸರನೆ ಇಳಿದು ಬೀಳುತ್ತದೆ. ಅದು ಖಾಲಿ ಮಾಡಿದ ಸಂದಿಯಿಂದ ಎಳೆಬಿಸಿಲು ತೂರಿ ಬರುತ್ತದೆ.

"ಅಕ್ಕೋ, ಬಿಸ್ಲು ಬಂತಾ?"

"ಬಂತು ಕಣೇ, ಕಣ್ಣಿಗೇ ಹೊಡೀತು!" ಕೆಳಗೆ ನಿಂತ ತೋಟದೊಡತಿ ಪುಟ್ಟಗೌರಮ್ಮ ನಗುತ್ತಾರೆ.

ನಲವತ್ತಾರರ ಗಂಗಲಕ್ಷ್ಮಿ ದಿನಕ್ಕೆ ಹದಿನೈದು ಮರ ಹತ್ತಿ ಇಳಿಯುತ್ತಾರೆ. ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಮೆಷಿನ್ ಕಲಿತವರು. ಮೊದಮೊದಲು ಜನ ಬೇಲಿಗೆ ಆತುಕೊಂಡು ನೋಡುತ್ತಿದ್ದರಂತೆ. "ನೋಡ್ಲಿ ಬುಡು ಅಂತ ಹತ್ತಿದೆ. ಅವ್ರ ಕತ್ತು ನೋಯ್ತು, ನನ್ ಕಾಲು ನೋಯ್ಲಿಲ್ಲ!"

ಶುರುವಿನಲ್ಲೇ ಒಂದು ತಪ್ಪೂ ಆಯಿತು. ಅಡಿಯ ಬಾಳೆಗೆ ಬಿಸಿಲು ಬೇಕೆಂದು ತೋಟದವರೊಬ್ಬರು ಹೇಳಿದ್ದಕ್ಕೆ ಹಸಿಗರಿಯನ್ನೂ ಕತ್ತರಿಸಿದರು. ಬಾಳೆ ಎದ್ದಿತು, ಮರುವರ್ಷ ತೆಂಗಿನ ಗೊನೆ ಸೊರಗಿತು. "ಹಸಿ ಗರಿ ಅಂದ್ರೆ ಮರದ ಅಡುಗೆಮನೆ ಕಣ್ರೀ. ಬಿಸ್ಲು ಹಿಡ್ದು ಅಲ್ಲೇ ಅನ್ನ ಬೇಯ್ಸ್ಕಳ್ಳೋದು. ನಾನು ಒಲೇನೇ ಕಿತ್ತಾಕ್ಬುಟ್ಟಿದ್ದೆ." ಅಂದಿನಿಂದ ಹಸಿಗರಿಗೆ ಅವರ ಮಚ್ಚು ತಾಗಿಲ್ಲ.

ಎರಡು ವರ್ಷದ ಹಿಂದೆ ಪುಟ್ಟಗೌರಮ್ಮನ ತೋಟದಲ್ಲೂ ಇದೇ ಪೇಚು. ಹದಿನೆಂಟು ವರ್ಷದ ಮರಗಳು ತಲೆಗೆ ತಲೆ ಕೂಡಿಸಿ ನೆಲ ಮುಚ್ಚಿದ್ದವು. ಅಡಿಯ ನಿಂಬೆಸಸಿಗಳು ಬಿಳಿಚಿಕೊಂಡಿದ್ದವು. ನಡುವಿನ ನಾಲ್ಕು ಮರ ಕಡಿಸಿಬಿಡೋಣವೆಂದು ಮೈದುನ ರುದ್ರೇಶ್ ಗರಗಸದವನನ್ನು ಕರೆಸಿಯೇ ಬಿಟ್ಟರು. ಗಂಗಲಕ್ಷ್ಮಿ ಒಂದೇ ಒಂದು ದಿನದ ಗಡುವು ಕೇಳಿದರು.

ಮೊದಲು ನಸುಕಿನಲ್ಲೇ ಆ ನಡುವಿನ ಮರಗಳ ಒಣಗರಿಗಳನ್ನೆಲ್ಲ ಇಳಿಸಿದರು. ಒಲೆಯ ಬೂದಿ ತರಿಸಿಕೊಂಡು ಬೆಳಗ್ಗೆ, ನಡುಮಧ್ಯಾಹ್ನ, ಇಳಿಹೊತ್ತು ಬಿಸಿಲು ಬಿದ್ದ ಜಾಗಕ್ಕೆಲ್ಲ ಸುತ್ತು ಎಳೆದರು.

"ಮರ ಹತ್ತೋಳು ರಂಗೋಲಿ ಬುಡ್ತಾ ಕೂತ್ಯಲ್ಲಮ್ಮ!" ರುದ್ರೇಶ್ ಛೇಡಿಸಿದರು.

"ಮೇಲಿಂದ ನೋಡ್ದೋರಿಗೇ ನೆಲ ಚೆನ್ನಾಗಿ ಕಾಣೋದು ಕಣಣ್ಣ. ಬಿಸ್ಲು ಇಲ್ಲ ಅಂತಲ್ಲ, ಓಡಾಡ್ತದೆ. ಗಿಡ ಅದ್ರ ದಾರೀಲಿಲ್ಲ ಅಷ್ಟೆ."

ಎರಡು ಹೊತ್ತಿನ ಬೂದಿಸುತ್ತು ಒಂದರ ಮೇಲೊಂದು ಕೂಡಿದ ಕಡೆಗೆ ನಿಂಬೆಸಸಿಗಳನ್ನು ಕಿತ್ತು ನೆಟ್ಟರು, ನೆರಳಿನ ಜಾಗಕ್ಕೆ ಅರಿಶಿನ ಬಂತು. ಗರಗಸದವನು ಕಾಫಿ ಕುಡಿದು ವಾಪಸು ಹೋದ.

ಈಗ ನಿಂಬೆ ಕಾಯಿ ಹಿಡಿದಿದೆ. ಮೊದಲ ಕಾಯಿಗಳನ್ನು ಗಂಗಲಕ್ಷ್ಮಿಯ ಸೆರಗಿಗೆ ಸುರಿಯುತ್ತಾ ಪುಟ್ಟಗೌರಮ್ಮ ಮರಗಳತ್ತ ಕೈ ತೋರುತ್ತಾರೆ. "ನಮ್ಮತ್ತೆ ಬಿಂದ್ಗೇಲಿ ನೀರು ಹೊತ್ತು ಸಾಕಿದ್ ಮರ. ಇವಳಿಲ್ದಿದ್ರೆ ಇವತ್ತು ಬೊಡ್ಡೆ ನೋಡ್ಕಂಡು ಕೂರ್ಬೇಕಿತ್ತು."

ಇವತ್ತು ಗಂಗಲಕ್ಷ್ಮಿ ಇಳಿದದ್ದೂ ಆ ನಾಲ್ಕರಲ್ಲೊಂದರಿಂದಲೇ. ಉಳಿಸಿಕೊಟ್ಟ ಮರದಿಂದ ಏನು ಬೇಕು ಎಂದರೆ, ಬೆವರು ಒರೆಸಿಕೊಂಡು ಕಾಂಡಕ್ಕೊಂದು ಮೆಲ್ಲನೆ ಏಟು ಕೊಡುತ್ತಾರೆ.

"ಏನೂ ಬ್ಯಾಡ. ನಾ ಮೇಲಿದ್ದಾಗ ಜಾಸ್ತಿ ಅಲ್ಲಾಡ್ದೆ ನಿಂತ್ಕಂಡ್ರೆ ಸಾಕು."