ವಾದಿಗೆ ಹೋಗುವ ಟೀಚರ್

ಟೀಚರ್ ಅವರ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ ಚೈನಿನ ಚಕ್ರದ ಹಲ್ಲುಗಳ ಕಪ್ಪು ಅಚ್ಚು ಸದಾ ಇರುತ್ತಿತ್ತು. ಗ್ರೀಸು, ಸೋಪಿಗೆ ಬಗ್ಗುವಂಥದ್ದಲ್ಲ. ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ನೆರಿಗೆ ತುಸು ಎತ್ತಿ ಹಿಡಿದು ಮೆಟ್ಟಿಲಿಳಿಯುವಾಗ ಅದು ಕಾಣುತ್ತಿತ್ತು. ಮೊಣಕಾಲಿನ ಕೆಳಗೆ ಪೆಡಲು ಬಡಿದ ಗಾಯಗಳು ಬೇರೆ, ಕೆಲವು ಒಣಗಿದವು, ಕೆಲವು ಹಸಿ. ಮದುವೆಯಾಗಿ ಮಸ್ಕತ್ತಿಗೆ, ದಾರ್ಸೈಟ್ ಬಡಾವಣೆಯ ಆ ಬಿಲ್ಡಿಂಗಿಗೆ ಬಂದ ಹೊಸತರಲ್ಲಿ ನಾನು ಅದನ್ನು ನೋಡಿ, ಪಾಪ, ಇವರಿಗೆ ಎಂತದೋ ಚರ್ಮದ ಕಾಯಿಲೆ ಎಂದುಕೊಂಡು, ಊರಿನಿಂದ ತಂದಿದ್ದ ಬೇವಿನೆಣ್ಣೆ ಹಿಡಿದು ಅವರ ಬಾಗಿಲು ತಟ್ಟಿದ್ದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಚೈನಿಗೆ ಆಗತ್ತಾ ನೋಡ್ತೀನಿ ಕಣಮ್ಮ, ಥ್ಯಾಂಕ್ಸ್" ಎಂದು ಒಳಗಿಟ್ಟುಕೊಂಡರು.

ಮೈಸೂರಿನವರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಆಗಬೇಕೆಂಬ ಆಸೆಯೂ ಇದ್ದಂತಿರಲಿಲ್ಲ. ಮಸ್ಕತ್ತಿನ ಇಂಡಿಯನ್ ಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ವೀಸಾ ಸ್ಕೂಲಿನದು, ಕೆಲಸ ಹೋದರೆ ದೇಶವೂ ಹೋದಂತೆ. ಮಕ್ಕಳಿಗೆ ಮಾತ್ರವಲ್ಲ, ತರಕಾರಿಯವನಿಗೆ, ಟ್ಯಾಕ್ಸಿಯವರಿಗೆ, ನಮ್ಮ ಕನ್ನಡದವರಿಗೆ, ಎಲ್ಲರಿಗೂ ಅವರು ಟೀಚರ್.

ಊರಿಗೆ ವಾಪಸು ಹೊರಟಿದ್ದ ಇಂಗ್ಲಿಷ್ ದಂಪತಿಗಳು ಮನೆಸಾಮಾನು ಮಾರುತ್ತಿದ್ದಾರೆಂದು ತಿಳಿದು ಟೀಚರ್ ಒಂದು ಇಸ್ತ್ರಿಪೆಟ್ಟಿಗೆ ತರಲು ಹೋಗಿದ್ದರಂತೆ. ತಂದದ್ದು ಎರಡು ಮೌಂಟನ್ ಬೈಕ್. ದಪ್ಪ ಟೈರು, ಅಡ್ಡ ಹ್ಯಾಂಡಲ್ಲು, ನಮ್ಮೂರಿನ ಹಾಲಿನವನ ಸೈಕಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಇಂಗ್ಲಿಷಿನವರ ಊರಿನಲ್ಲಿ ಗುಡ್ಡವೆಲ್ಲ ಚಾಕ್‌ಪೀಸಿನದೇ ಅಂತೆ, ಮೇಲೆ ಹುಲ್ಲು, ಕೆರೆದರೆ ಬಿಳಿ, ಕೆಳಗಿನ ಕಣಿವೆಯಲ್ಲಿ ಹೊಳೆ. ಗಂಡ ಹೆಂಡತಿ ಇಬ್ಬರೂ ಅಲ್ಲಿ ಸೈಕಲ್ ಹೊಡೆದವರು. ಇಲ್ಲಿಯ ಸುಣ್ಣದಕಲ್ಲಿನ ಗುಡ್ಡಗಳನ್ನು ನೋಡಿ ಊರಿನ ನೆನಪಾಗಿ ಸೈಕಲ್ ತರಿಸಿಕೊಂಡಿದ್ದರಂತೆ. ಇದನ್ನು ಕೇಳಿದ್ದೇ ಟೀಚರ್ ಇಸ್ತ್ರಿಪೆಟ್ಟಿಗೆ ಮರೆತರು.

"ಇಪ್ಪತ್ತು ವರ್ಷ ಸೀಮೆಸುಣ್ಣದ ಪುಡಿ ತಿಂದಿದ್ದೀನಿ. ಸೀಮೆಯವರು ಅದರ ಗುಡ್ಡಾನೇ ಹತ್ತುತಾರೆ ಅಂದ್ರೆ, ನನಗೇನು ಹಕ್ಕಿಲ್ವಾ?" ಎಂದು ನನ್ನನ್ನೇ ಕೇಳಿದರು, ನಾನೇ ಅಡ್ಡ ನಿಂತವಳಂತೆ.

ಶುಕ್ರವಾರ ರಜೆ. ಬೆಳಗಾಗುತ್ತಲೇ ಬಿಲ್ಡಿಂಗಿನ ಕೆಳಗೆ ಪಿಕಪ್ ಬಂದು ನಿಲ್ಲುತ್ತಿತ್ತು. ಅದನ್ನು ಓಡಿಸುತ್ತಿದ್ದ ಒಮಾನಿ ಮುದುಕ ಹಾರ್ನ್ ಹೊಡೆದು, "ಟೀಚರ್ಜೀ, ಯಲ್ಲಾ!" ಎಂದು ಕೂಗುವನು, ನಡೀರಿ ಹೊರಡೋಣ ಎಂದು ಅದರರ್ಥ. ರೂವಿ ದಾಟಿ ಕುರಿಯಾತ್ ರಸ್ತೆಯಲ್ಲಿ ಸ್ವಲ್ಪ ಹೋಗಿ, ಯಾವುದಾದರೂ ವಾದಿಯ ಬಾಯಲ್ಲಿ ಸೈಕಲ್ ಇಳಿಸಿಕೊಂಡರೆ ಬಿಸಿಲೇರುವವರೆಗೂ ಟೀಚರ್ ಗುಡ್ಡದ ಪಾಲು. ಅಲ್ಲಿ ವಾದಿ ಎಂದರೆ ಗುಡ್ಡಗಳ ನಡುವಿನ ಹಳ್ಳ. ಮಳೆ ಬಂದರೆ ಕಾರನ್ನೂ ಎಳೆದುಕೊಂಡು ಹೋಗುತ್ತದೆ, ಬಾರದಿದ್ದರೆ ವರ್ಷವಿಡೀ ಬರೀ ಉರುಟುಗಲ್ಲು. ಪಕ್ಕದ ಇಳಿಜಾರಿನಲ್ಲಿ ಆಡುಗಳು ತುಳಿದು ಮಾಡಿದ ದಾರಿ. ಅದೇ ಅವರ ಟ್ರೈಲು.

ನಮ್ಮವರಿಗೆ ಇದು ಹೇಗೆ ಹಿಡಿಸೀತು? ಕೃಷ್ಣ ದೇವಸ್ಥಾನದ ಭಜನೆಯಲ್ಲಿ ತಾಳಕ್ಕಿಂತ ಹೆಚ್ಚು ಟೀಚರ್ ಅವರ ಪ್ಯಾಂಟಿನ ಸುದ್ದಿ. ರಜೆಗೆ ಮೈಸೂರಿಗೆ ಹೋದ ಒಬ್ಬರು ಅವರ ತಂದೆಯ ಕಿವಿಗೂ ಮುಟ್ಟಿಸಿದರು. ಟೀಚರ್ ಮನೆಯಲ್ಲಿ ಫೋನಿರಲಿಲ್ಲ, ಅವರ ಕರೆಗಳೆಲ್ಲ ನಮ್ಮ ಮನೆಗೆ. ತಂದೆ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಆ ದಿನ ಅವರ ಧ್ವನಿ ರಿಸೀವರಿನಿಂದ ಹಾಲಿಗೆಲ್ಲ ಕೇಳುತ್ತಿತ್ತು.

"ಯಾರ ಮೇಲಮ್ಮ ಕೇಸು? ನನ್ನ ಒಂದು ಮಾತು ಕೇಳೋದಲ್ವಾ? ಶುಕ್ರವಾರ ಶುಕ್ರವಾರ ವಾದಿ, ವಾದಿ ಅಂತ ಹೋಗ್ತಾಳೆ ಅಂದ್ರು! ಪರದೇಶದಲ್ಲಿ ವಾದಿಯಾಗಿ ನಿಂತ್ಕೊಳೋದು ಅಂದ್ರೆ ಹುಡುಗಾಟಾನಾ?"

ಟೀಚರ್ ನಕ್ಕು ನಕ್ಕು ಗೋಡೆಗೊರಗಿದರು. "ಅಪ್ಪ, ಇಲ್ಲಿ ವಾದಿ ಅಂದ್ರೆ ಹಳ್ಳ. ನೀರಿಲ್ಲದ ಹಳ್ಳ."

"ನೀರಿಲ್ಲದ ಹಳ್ಳಕ್ಕೆ ಯಾಕಮ್ಮ ಹೋಗ್ತೀಯ?"

"ಸೈಕಲ್ ಹೊಡೆಯಕ್ಕೆ."

"ಕೇಸಲ್ಲ ತಾನೇ? ಸರಿ ಹಾಗಾದ್ರೆ. ಬೀಳಬೇಡ" ಎಂದು ಫೋನಿಟ್ಟರು ಆ ಪುಣ್ಯಾತ್ಮ.

ಅಂದಿನಿಂದ ಅವರ ಬಗ್ಗೆ ಆಡಿಕೊಳ್ಳುವವರಿಗೆಲ್ಲ ಟೀಚರ್ ಇಟ್ಟ ಹೆಸರು ಪ್ರತಿವಾದಿಗಳು. "ಇವತ್ತು ಲಿಫ್ಟಲ್ಲಿ ಇಬ್ಬರು ಪ್ರತಿವಾದಿಗಳು ಸಿಕ್ಕಿದ್ರು. ನಮಸ್ಕಾರ ಹೇಳ್ಲಿಲ್ಲ. ನಾನೇ ಜೋರಾಗಿ ಹೇಳ್ದೆ."

ಎರಡನೆಯ ಸೈಕಲ್ಲಿಗೆ ನನ್ನನ್ನು ಹತ್ತಿಸಿದ್ದೂ ಅವರೇ. ಊರಿನಲ್ಲಿ ಅಣ್ಣಂದಿರ ಸೈಕಲ್ ಒರೆಸಿದ್ದೆನೇ ಹೊರತು ಹತ್ತಿದವಳಲ್ಲ. ಉಡುಪಿಯಿಂದ ಬಂದು ಮೂರನೇ ಮಹಡಿಯ ಫ್ಲಾಟಿನಲ್ಲಿ ಕುಳಿತು, ಗಂಡ ಆಫೀಸಿನಿಂದ ಬಂದು ಕಾರಿನಲ್ಲಿ ಕರೆದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಬಾಳು ನನ್ನದು. ಮೊದಲ ಶುಕ್ರವಾರ ಎಷ್ಟು ಸಲ ಬಿದ್ದೆನೆಂದು ಕೇಳಬೇಡಿ. ಟೀಚರ್ ಎತ್ತಲು ಬರುತ್ತಿರಲಿಲ್ಲ. ದೂರದಲ್ಲಿ ನಿಂತು ಕೂಗುತ್ತಿದ್ದರು. "ಕಲ್ಲು ನೋಡಬೇಡ, ದಾರಿ ನೋಡು! ಕಲ್ಲು ನೋಡಿದ್ರೆ ಕಲ್ಲಿಗೇ ಹೋಗ್ತೀಯ! ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದ್ಯೋ, ಖಲಾಸ್!" ಬೇಸಿಗೆಗೆ ಮುಂಚೆ ನಾನು ಒಂದು ಇಳಿಜಾರನ್ನು ಕಾಲೂರದೆ ಇಳಿದೆ. ಇಳಿದವಳು ನಿಲ್ಲಿಸಲಾರದೆ ಆಡುಗಳ ಹಿಂಡಿಗೆ ನುಗ್ಗಿದೆ, ಆ ಮಾತು ಬೇರೆ. ಆದರೆ ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ, ಮದುವೆಯ ದಿನವೂ ಸೇರಿ.

ಆ ಮೇಲೆ ಟೀಚರ್ ಒಮ್ಮೆ ಕೆಟ್ಟದಾಗಿ ಬಿದ್ದರು. ಎಡಗೈ ಮೂಳೆ ಬಿರುಕು ಬಿಟ್ಟಿತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮರುದಿನವೇ ಸ್ಕೂಲಿಗೆ ಹೋದರು. ಮಕ್ಕಳು ಆ ಪ್ಲಾಸ್ಟರಿನ ತುಂಬ ಬಣ್ಣದ ಪೆನ್ನಿನಲ್ಲಿ ಗುಡ್ಡ, ನದಿ, ಒಂಟೆ ಬಿಡಿಸಿದರು. ಯಾರೋ ಪೋಷಕರು ದೂರು ಕೊಟ್ಟರು. ನಮ್ಮ ಕನ್ನಡದವರ ಸಂಘದಲ್ಲೂ ಸ್ಕೂಲಿನ ಸಮಿತಿಯಲ್ಲೂ ಇದ್ದ ಹಿರಿಯರೊಬ್ಬರು, ಮನೆಯ ಮಟ್ಟದಲ್ಲೇ ಮುಗಿಸೋಣ ಎಂದು ನಮ್ಮ ಹಾಲಿನಲ್ಲೇ ಮಾತುಕತೆಗೆ ಕೂತರು. ನಾನು ಗೋಳಿಬಜೆ ಕರಿದಿದ್ದೆ. ಹಿರಿಯರು ನಮ್ಮ ಕರಾವಳಿಯವರೇ, ತಿನ್ನುತ್ತಲೇ ಶುರು ಮಾಡಿದರು.

"ನೋಡಿ ಟೀಚರ್, ನಿಮ್ಮ ಅಣ್ಣನ ಹಾಗೆ ಹೇಳ್ತೇನೆ. ಕಂಪ್ಲೇಂಟ್ ಬಂದುಂಟು. ಕಾಂಟ್ರಾಕ್ಟ್ ರಿನ್ಯೂವಲ್‌ಗೆ ಬಂದಿದೆ. ಈ ಸೈಕಲ್ ಒಂದು ಬಿಟ್ಟುಬಿಡಿ, ಉಳಿದದ್ದು ನಾನು ನೋಡ್ಕೊಳ್ತೇನೆ."

"ನನ್ನ ಪಾಠದ ಮೇಲೆ ಕಂಪ್ಲೇಂಟ್ ಇದೆಯಾ ಸರ್?"

"ಛೆ ಛೆ, ಪಾಠಕ್ಕೆ ಹೆಸರಿಡುವ ಹಾಗಿಲ್ಲ."

"ಮತ್ತೆ? ಕ್ಲಾಸಿಗೆ ನಾನು ಸೈಕಲ್ ತಂದಿಲ್ಲ."

"ಹೆಂಗಸರು ಮಾರಾಯ್ರೆ! ಪ್ಯಾಂಟ್ ಹಾಕಿಕೊಂಡು, ಗುಡ್ಡದಲ್ಲಿ... ನಿಮಗೊಂದು ಗಂಡ ಅಂತ ಇದ್ದಿದ್ದರೆ ಈ ಮಾತು ನಾನು ಹೇಳಬೇಕಾಗಿರಲಿಲ್ಲ."

"ಇದ್ದಿದ್ರೆ ಅವರನ್ನೂ ಹತ್ತಿಸ್ತಿದ್ದೆ" ಎಂದರು ಟೀಚರ್.

ಹಿರಿಯರು ನನ್ನ ಕಡೆ ತಿರುಗಿದರು. "ನೀನೂ ಹೋಗ್ತಿಯಂತೆ? ಹೌದಾ?" ನನ್ನ ಗಂಡ ಕಾರ್ಪೆಟ್ಟಿನ ಹೂವು ಎಣಿಸುತ್ತಿದ್ದರು. ನಾನು, "ಹೌದು, ಬರುವ ಶುಕ್ರವಾರವೂ ಹೋಗ್ತೇನೆ" ಎಂದೆ. ಟೀಚರ್ ಒಂದು ಗೋಳಿಬಜೆ ತೆಗೆದುಕೊಂಡು, "ಅಷ್ಟೇ ಸರ್. ನನ್ನ ಕೆಲಸ ನಿಮ್ಮ ಕೈಲಿದೆ. ನನ್ನ ಶುಕ್ರವಾರ ಇಲ್ಲ" ಎಂದರು.

ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಅಯ್ಯೋ, ಒಂದು ಮಾತು ಹೂಂ ಎಂದಿದ್ದರೆ ಏನು ಹೋಗುತ್ತಿತ್ತು ಎಂದು ಇಡೀ ದಾರ್ಸೈಟ್ ಮರುಗಿತು. ಆ ಒಂದು ಮಾತನ್ನೇ ಅವರು ಹೇಳಲೊಲ್ಲದೆ ಹೋದದ್ದು. ಟೀಚರ್ ಒಮಾನಿನ ದಕ್ಷಿಣ ತುದಿಯ ಸಲಾಲಾದ ಸ್ಕೂಲಿಗೆ ಅರ್ಜಿ ಹಾಕಿದರು. ಬೇರೆ ಕಡೆ ಸೇರಲು ಇಲ್ಲಿಯ ಸ್ಕೂಲಿನವರ ರಿಲೀಸ್ ಪತ್ರ ಬೇಕಿತ್ತು. ಪೀಡೆ ತೊಲಗಿದರೆ ಸಾಕೆಂದು ಹಿರಿಯರೇ ಓಡಾಡಿ ಕೊಡಿಸಿದರು. ಹೊರಡುವ ದಿನ ಒಂದು ಸೂಟ್‌ಕೇಸು, ಬಸ್ಸಿನ ಹೊಟ್ಟೆಯಲ್ಲಿ ಒಂದು ಸೈಕಲ್. ಇನ್ನೊಂದು ನನಗೆ. "ತುಕ್ಕು ಹಿಡಿಸಿದ್ರೆ ಬಂದು ಬೈತೀನಿ" ಎಂದರು, ಕಣ್ಣು ಒದ್ದೆಯಾಗದಂತೆ ಜೋರಾಗಿ.

ಮುಂದಿನ ಶುಕ್ರವಾರ ಗಂಡ ಕೇಳಿದರು, "ಇನ್ನು ಯಾರೊಟ್ಟಿಗೆ ಹೋಗ್ತಿ?" ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಕೆಳಗೆ ಹಾರ್ನ್ ಆಯಿತು. ಒಬ್ಬಳೇ ಹೋದೆ.

ಎರಡು ವರ್ಷದ ಮೇಲೆ ಮಳೆಗಾಲದಲ್ಲಿ ಸಲಾಲಾಕ್ಕೆ ಹೋಗಿದ್ದೆ. ಮಸ್ಕತ್ತು ಬೆಂಕಿಯಲ್ಲಿ ಬೇಯುವಾಗ ಅಲ್ಲಿ ತುಂತುರು, ಮಂಜು, ಗುಡ್ಡದ ತುಂಬ ಹುಲ್ಲು. ಟೀಚರ್ ತಲೆಗೂದಲು ಅರ್ಧ ಬೆಳ್ಳಗಾಗಿತ್ತು, ಕಾಲು ಮಾತ್ರ ಹಾಗೇ ಗಟ್ಟಿ. ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ಇಬ್ಬರೂ ಇಳಿದೆವು. ಚಕ್ರ ಕೆರೆದಲ್ಲೆಲ್ಲ ಮಣ್ಣಿನಡಿ ಬಿಳಿ ಕಲ್ಲು. ಕೆಳಗಿನ ವಾದಿಯಲ್ಲಿ ನಿಜವಾದ ನೀರು ಹರಿಯುತ್ತಿತ್ತು, ಒಂಟೆಗಳು ಮೊಣಕಾಲುದ್ದ ನಿಂತಿದ್ದವು. "ನೋಡು, ಆ ಇಂಗ್ಲಿಷಿನವರು ಹೇಳಿದ ಗುಡ್ಡ ಇದೇ ಥರ ಇರಬೇಕು. ಮಸ್ಕತ್ತಿನಿಂದ ನನ್ನ ಓಡಿಸಿದವರಿಗೆ ಒಂದು ಡಬ್ಬ ಹಲ್ವಾ ಕಳಿಸಬೇಕು" ಎಂದು ಕೆಸರು ಮೆತ್ತಿದ ಮುಖದಲ್ಲೇ ನಕ್ಕರು. ಅವರ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು. ನೀರಿರುವ ಹಳ್ಳ ಸಿಕ್ಕಿತೆಂದು ಅವರಿಗೆ ಹೇಳಲಾಗಲಿಲ್ಲವಲ್ಲ ಎನ್ನುತ್ತ ಚೈನಿನ ಕೆಸರು ಒರೆಸತೊಡಗಿದರು.

ತೊಂಬತ್ತರ ದಶಕ ಮುಗಿಯುವ ಮೊದಲೇ ಟೀಚರ್ ಹೋದರು. ರಕ್ತದ ಕಾಯಿಲೆ, ಮೈಸೂರಿನ ಆಸ್ಪತ್ರೆಯಲ್ಲಿ. ಸುದ್ದಿ ತಿಳಿದ ನಮ್ಮವರು ಒಬ್ಬರಾದ ಮೇಲೊಬ್ಬರು ನನಗೆ ಫೋನ್ ಮಾಡಿ ಕೇಳಿದ್ದು ಒಂದೇ, ಸೈಕಲ್ಲಿನಿಂದ ಬಿದ್ದದ್ದಾ? ಇಲ್ಲ, ಹಾಸಿಗೆಯಲ್ಲಿ ಎಂದಾಗ ಕೆಲವರಿಗೆ ನಿರಾಸೆಯಾದಂತಿತ್ತು. ಅಂದು ನಾನು ಅತ್ತದ್ದಕ್ಕಿಂತ ಸಿಟ್ಟುಗೊಂಡದ್ದೇ ಹೆಚ್ಚು.

ಸಂಘದವರು ಸಂತಾಪ ಸಭೆ ಇಟ್ಟರು. ಅದೇ ಹಿರಿಯರು ಅಧ್ಯಕ್ಷರು. ಟೀಚರ್ ಸೌಮ್ಯ ಸ್ವಭಾವದವರು, ಯಾರಿಗೂ ಎದುರಾಡಿದವರಲ್ಲ, ಹೆಚ್ಚಿನ ಅವಕಾಶ ಸಿಕ್ಕಿ ನಮ್ಮನ್ನು ಬಿಟ್ಟು ಸಲಾಲಾಕ್ಕೆ ಹೋದರು ಎಂದರು. ಸೈಕಲ್ ಎಂಬ ಪದವೇ ಬರಲಿಲ್ಲ. ಪಟದಲ್ಲಿದ್ದ ಟೀಚರ್‌ಗೂ ಸೀರೆ, ಕುಂಕುಮ, ತಗ್ಗಿಸಿದ ತಲೆ. ಎಲ್ಲಿ ಹುಡುಕಿ ತಂದರೋ. ನಾನು ಎದ್ದು ಹೋಗಿ ಮೈಕು ತೆಗೆದುಕೊಂಡೆ.

"ಟೀಚರ್ ಸೌಮ್ಯ ಅಲ್ಲ. ಅವರು ನಮ್ಮನ್ನು ಬಿಟ್ಟು ಹೋದದ್ದೂ ಅಲ್ಲ, ನಾವು ಓಡಿಸಿದ್ದು. ಸೈಕಲ್ ಬಿಡಿ ಅಂತ ನೀವು ಹೇಳಿದ್ರಿ ಸರ್, ನನ್ನ ಮನೆಯಲ್ಲಿ ಕೂತು. ಅವರು ಕೆಲಸ ಬಿಟ್ಟರು, ಊರು ಬಿಟ್ಟರು. ಸೈಕಲ್ ಬಿಡ್ಲಿಲ್ಲ."

ಹಿರಿಯರು ಕೈ ಚಾಚಿ, "ಆಯಿತಮ್ಮ, ಮೌನ ಆಚರಿಸೋಣ" ಎಂದರು.

"ಸ್ವಲ್ಪ ತಡೀರಿ ಸರ್, ನನ್ನ ಮಾತು ಮುಗೀಲಿಲ್ಲ" ಎಂದೆ.